ಆಚೆ ಹೋದವರ ಡಿಕ್ಟೇಶನ್

ಸತ್ತವರ ಹತ್ತಿರ ಮಾತಾಡಲಿಕ್ಕೆ ಬದುಕಿರುವವರು ಬಂದು ಕೂತರೆ ಏನಾದರೊಂದು ಆಗದೆ ಇರುವುದಿಲ್ಲ. ಸಾಂತಾಕ್ರೂಜ್ ಪೂರ್ವದಲ್ಲಿ ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಅದು ಶುರುವಾಗುತ್ತದೆ, ಐದೂವರೆಗೆ ಮುಗಿಯುತ್ತದೆ, ಆಮೇಲೆ ಚಹಾ. ಏಳು ವರ್ಷದಿಂದ ನಾನು ಅಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಒಂದು ಹುಡುಗಿಯ ಮದುವೆಯೂ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಂಡಿತು. ಆ ಹುಡುಗಿ ಬದುಕಿರುವವಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಈ ವಿಷಯದಲ್ಲಿ ಜನ ತಪ್ಪು ತಿಳಿಯುವುದು ಜಾಸ್ತಿ.

ಲಾಸ್ಟ್ ಲೈನ್ ಪ್ಲೀಸ್

ನಾನು ಉಡುಪಿ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು ಫೋರ್ಟಿನ ಒಂದು ಹಡಗು ಕಂಪನಿಯಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದೆ. ರಿಟೈರ್ ಆಗಿ ಹದಿನೈದು ದಿನ ಆಗಿತ್ತಷ್ಟೆ. ಸೋಫಾದಲ್ಲಿ ಕೂತು ಟಿವಿಯವರು ಹೇಳಿದ್ದನ್ನೆಲ್ಲ ತೊಡೆಯ ಮೇಲೆ ಬೆರಳಿನಲ್ಲಿ ಶಾರ್ಟ್‌ಹ್ಯಾಂಡ್ ಬರೆಯುತ್ತಿದ್ದೆ. ಗಂಡನಿಗೆ ಹೆದರಿಕೆ ಹುಟ್ಟಿತು. ಅಷ್ಟರಲ್ಲಿ ಎರಡನೇ ಮಹಡಿಯ ಪಾರ್ಸಿ ಅಜ್ಜಿ ಹೇಳಿಕಳಿಸಿದರು.

ಎಂಬತ್ತು ದಾಟಿದ ಅಜ್ಜಿ, ಒಬ್ಬರೇ ಇರುವುದು. ಭಾನುವಾರ ಅವರ ಮನೆಯಲ್ಲಿ ಸರ್ಕಲ್ ಕೂರುತ್ತದೆ ಎಂದರು. ಸರ್ಕಲ್ ಎಂದರೆ ಏಳೆಂಟು ಜನ ಮೇಜಿನ ಸುತ್ತ ಕೂರುವುದು, ಅಜ್ಜಿ ಕಣ್ಣು ಮುಚ್ಚುವುದು, ತೀರಿಹೋದವರು ಅಜ್ಜಿಯ ಮೂಲಕ ಮಾತಾಡುವುದು. ಎಚ್ಚರವಾದ ಮೇಲೆ ತಾನು ಏನು ಹೇಳಿದೆ ಎಂಬುದು ಅಜ್ಜಿಗೇ ನೆನಪಿರುವುದಿಲ್ಲ. ಆದ್ದರಿಂದ ಬರೆದುಕೊಳ್ಳುವವರು ಬೇಕು. ನಾನು ಒಂದೇ ಪ್ರಶ್ನೆ ಕೇಳಿದೆ, ಅವರು ಎಷ್ಟು ಸ್ಪೀಡಿನಲ್ಲಿ ಮಾತಾಡುತ್ತಾರೆ ಅಂತ. ಅವರಿಗೆ ಅವಸರ ಇಲ್ಲ ಎಂದರು ಅಜ್ಜಿ. ಹಾಗಾದರೆ ನಮ್ಮ ಆಫೀಸಿನ ಸಾಹೇಬರಿಗಿಂತ ಇವರೇ ವಾಸಿ ಎಂದು ಒಪ್ಪಿಕೊಂಡೆ.

ಮೊದಲ ಭಾನುವಾರ ಪರದೆ ಎಳೆದಿದ್ದರು. ಎಲ್ಲರೂ ಅಂಗೈ ಮೇಜಿನ ಮೇಲಿಟ್ಟು ಒಂದು ಪ್ರಾರ್ಥನೆ ಹೇಳಿದರು, ಒಂದು ಭಜನೆ ಹಾಡಿದರು. ಹಾಡಿದರೆ ಕೋಣೆಯ ಗಾಳಿ ಹಗುರಾಗುತ್ತದೆ, ಆಚೆಯವರಿಗೆ ಬರಲು ಸುಲಭ ಎಂದು ಸರ್ಕಲ್ಲಿನ ಅಧ್ಯಕ್ಷರು ವಿವರಿಸಿದರು. ಇವರು ರೈಲ್ವೆಯಲ್ಲಿ ಟೈಮ್‌ಟೇಬಲ್ ನೋಡಿಕೊಳ್ಳುತ್ತಿದ್ದ ಮರಾಠಿಯವರು. ನಾಲ್ಕು ಎಂದರೆ ನಾಲ್ಕು. ಅಜ್ಜಿಯ ತಲೆ ಬಾಗಿತು, ದಪ್ಪ ಸ್ವರದಲ್ಲಿ ಇಂಗ್ಲಿಷ್ ಬಂತು. ಪ್ರತಿ ಮೀಡಿಯಮ್ಮಿಗೂ ಆಚೆ ಕಡೆ ಒಬ್ಬ ಗೈಡ್ ಇರುತ್ತಾನಂತೆ, ಬಾಗಿಲಲ್ಲಿ ನಿಂತು ಯಾರು ಮಾತಾಡಬೇಕು, ಯಾರು ಕಾಯಬೇಕು ಎಂದು ನೋಡಿಕೊಳ್ಳುವವ. ಅಜ್ಜಿಯ ಗೈಡ್ ಒಬ್ಬ ಇಂಗ್ಲಿಷ್ ಡಾಕ್ಟರ್, ಪ್ಲೇಗಿನ ಕಾಲದಲ್ಲಿ ಇಲ್ಲೇ ತೀರಿಹೋದವರು.

ಅವಸರ ಇಲ್ಲ ಎಂದದ್ದು ಸುಳ್ಳು. ಡಾಕ್ಟರು ಚರ್ಚ್‌ಗೇಟ್ ಫಾಸ್ಟ್ ಲೋಕಲ್ ರೈಲಿನ ಹಾಗೆ ಹೊರಟರು. ನಾನೂ ಹಿಂದೆ ಓಡಿದೆ. ಒಂದು ಕಡೆ ತಪ್ಪಿತು. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ, ಬಾಯಿಂದ ತನ್ನಿಂದ ತಾನೇ ಬಂತು: "ಸಾರಿ ಸರ್, ಲಾಸ್ಟ್ ಲೈನ್ ಪ್ಲೀಸ್."

ಮೇಜಿನ ಮೇಲಿನ ಅಂಗೈಗಳೆಲ್ಲ ಒಮ್ಮೆ ಹಾರಿದವು. ಅಧ್ಯಕ್ಷರು ನನ್ನನ್ನು ನುಂಗುವ ಹಾಗೆ ನೋಡಿದರು. ಡಾಕ್ಟರು ಆ ಸಾಲನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದರು. ಮುಂದಿನ ಭಾನುವಾರದಿಂದ ಕಾಮ, ಫುಲ್‌ಸ್ಟಾಪ್, ನ್ಯೂ ಪ್ಯಾರಾಗ್ರಾಫ್ ಎಲ್ಲ ಅವರೇ ಹೇಳತೊಡಗಿದರು. ಸರ್ಕಲ್ ಕೆಡಿಸಿಬಿಟ್ಟೆ ಎಂದು ನನಗೆ ಮಂಡೆಬಿಸಿ. ಅಧ್ಯಕ್ಷರಿಗೆ ಮಾತ್ರ ಖುಷಿಯೋ ಖುಷಿ. ಆತ್ಮ ಸತ್ತ ಮೇಲೂ ಕಲಿಯುತ್ತದೆ ಎಂಬುದು ನಮ್ಮ ಮೂಲ ತತ್ವ, ಇಪ್ಪತ್ತೆರಡು ವರ್ಷದಲ್ಲಿ ಅದಕ್ಕೆ ಸರಿಯಾದ ಪುರಾವೆ ಸಿಕ್ಕಿದ್ದು ಇವತ್ತೇ ಎಂದರು.

ನೀವು ಇದನ್ನೆಲ್ಲ ನಂಬುತ್ತೀರಾ ಎಂದು ಜನ ಕೇಳುತ್ತಾರೆ. ಹಡಗು ಕಂಪನಿಯಲ್ಲಿ ಅಷ್ಟು ವರ್ಷ ಇದ್ದು ನಾನು ಒಂದು ಹಡಗನ್ನೂ ಹತ್ತಿರದಿಂದ ನೋಡಿದವಳಲ್ಲ. ಕಾಗದ ಬರೆಯುತ್ತಿದ್ದೆ, ಹಡಗು ಬರುತ್ತಿತ್ತು, ಹೋಗುತ್ತಿತ್ತು. ಇಲ್ಲಿಯೂ ನನ್ನ ಲೆಕ್ಕ ಅಷ್ಟೇ.

ಒದ್ದೆ ಟವೆಲ್

ಹೊಸಬರು ಬಂದರೆ ಅಧ್ಯಕ್ಷರು ಹತ್ತು ನಿಮಿಷ ಪಾಠ ಮಾಡುತ್ತಾರೆ. ಸ್ಟೇಶನ್ನಿನ ಅನೌನ್ಸ್‌ಮೆಂಟಿನ ಹಾಗೆ ಒಂದು ಶಬ್ದ ಹೆಚ್ಚಿಲ್ಲ, ಕಡಿಮೆ ಇಲ್ಲ. ಮನುಷ್ಯ ಸಾಯುವುದಿಲ್ಲ, ದೇಹ ಬಿಟ್ಟು ಆಚೆ ಹೋಗುತ್ತಾನೆ. ಅವನ ಸ್ವಭಾವ, ಪ್ರೀತಿ, ಸಿಟ್ಟು ಎಲ್ಲ ಜೊತೆಗೇ ಹೋಗುತ್ತದೆ. ಕೊನೆಯಿಲ್ಲದ ನರಕ ಅಂತ ಇಲ್ಲ, ಮಾಡಿದ್ದಕ್ಕೆ ತಾನೇ ಹೊಣೆ, ತಿದ್ದಿಕೊಂಡವನು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತಾನೆ. ಇದು ಮಾಟವಲ್ಲ, ಮಂತ್ರವಲ್ಲ, ದೆವ್ವ ಬಿಡಿಸುವ ಕೆಲಸವೂ ಅಲ್ಲ. ಇಲ್ಲಿ ಯಾರೂ ಕಾಸು ತೆಗೆದುಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಕಣ್ಣು ಮುಚ್ಚಿ ನಂಬಬಾರದು. ಆ ಕಡೆಯಿಂದ ಯಾರೇ ಬಂದರೂ ಪುರಾವೆ ಕೇಳಬೇಕು. ತೀರಿಹೋದವರಿಗೂ ನಿಮಗೂ ಮಾತ್ರ ಗೊತ್ತಿರುವ ಒಂದು ಸಂಗತಿ ಹೇಳಿದರೆ ಆಗ ಒಪ್ಪಬೇಕು.

ಒಂದು ಭಾನುವಾರ ಒಬ್ಬರ ತಂದೆ ಬಂದಿದ್ದಾರೆ ಎಂದಿತು ಅಜ್ಜಿಯ ಸ್ವರ. ಯಾರ ತಂದೆ ಎಂಬುದು ಸರಿಯಾಗಿ ಕೇಳಿಸಲಿಲ್ಲ. ಅಧ್ಯಕ್ಷರು ನಿಯಮದ ಪ್ರಕಾರ ಪುರಾವೆ ಕೇಳಿದರು. ಸ್ವರ ಬೇಸರದಿಂದ, ಇವನು ಇವತ್ತಿಗೂ ಸ್ನಾನ ಮಾಡಿ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕುತ್ತಾನೆ, ಹೇಳಿ ಹೇಳಿ ಸಾಕಾಗಿ ನಾನು ಹೊರಟುಬಂದೆ ಎಂದಿತು.

ಮೇಜಿನ ಸುತ್ತ ನಾಲ್ವರು ಗಂಡಸರಿದ್ದರು. ನಾಲ್ವರೂ ಒಟ್ಟಿಗೇ "ಬಾಬಾ" ಎಂದು ಕೈಮುಗಿದರು. ಒಬ್ಬರಂತೂ ಬಿಕ್ಕಿ ಬಿಕ್ಕಿ ಅತ್ತರು. ಅವರ ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾತ್ರ ಅಳಲಿಲ್ಲ. ಮಾವನವರು ಇನ್ನು ಎರಡು ಮಾತು ಜಾಸ್ತಿ ಹೇಳಬಹುದಿತ್ತು ಎಂದು ಚಹಾ ಕುಡಿಯುವಾಗ ನನ್ನ ಕಿವಿಯಲ್ಲಿ ಹೇಳಿದರು.

ಮಧ್ಯೆ ವಿಮಾನ

ನಮ್ಮ ಸರ್ಕಲ್ಲಿಗೆ ಒಂದೇ ಒಂದು ದೊಡ್ಡ ತೊಂದರೆ, ಏರ್‌ಪೋರ್ಟ್. ವಿಮಾನಗಳು ಬಿಲ್ಡಿಂಗಿನ ನೆತ್ತಿಯ ಮೇಲೇ ಇಳಿಯುತ್ತವೆ. ಆ ಹೊತ್ತಿಗೆ ಆಚೆಯವರು ಏನು ಹೇಳಿದರೂ ದೇವರಿಗೇ ಪ್ರೀತಿ. ಅಂಥ ಕಡೆ ನಾನು ಕಂಸದಲ್ಲಿ "ವಿಮಾನ" ಎಂದು ಬರೆಯುತ್ತೇನೆ.

ಒಬ್ಬರು ಬಂದಿದ್ದರು, ಐವತ್ತು ದಾಟಿದವರು. ಯಾವುದೋ ಆಫೀಸಿನಲ್ಲಿ ಜನ್ಮದಾಖಲೆ ತನ್ನಿ ಎಂದು ಅವರನ್ನು ಆರು ತಿಂಗಳಿಂದ ಓಡಾಡಿಸುತ್ತಿದ್ದರು. ಮನೆಯ ಕಾಗದಪತ್ರವೆಲ್ಲ ನೋಡಿಕೊಳ್ಳುತ್ತಿದ್ದದ್ದು ತಾಯಿ, ತಾಯಿ ಹೋಗಿ ಒಂಬತ್ತು ವರ್ಷ. ಆ ಕಾಗದ ಎಲ್ಲಿಟ್ಟಿದ್ದೀ ಆಯೀ ಎಂದು ಕೇಳಿದರು. ಸ್ವರ ಪ್ರೀತಿಯಿಂದ, ನಿನ್ನ ಕಾಗದ ತಾನೇ ಮಗನೇ, ಅದು, ಎಂದಿತು. ವಿಮಾನ ಬಂತು. ಅದು ಹೋಗುವಷ್ಟರಲ್ಲಿ ತಾಯಿಯೂ ಹೋಗಿದ್ದರು.

ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ. ಅಧ್ಯಕ್ಷರು ಹಳೆ ರೈಲ್ವೆಯವರಲ್ಲವೇ, ಹಟ ಹಿಡಿದರು. ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು ಯಾವ ವಿಮಾನ ಎಷ್ಟು ಗಂಟೆಗೆ ಬರುತ್ತದೆ ಎಂದು ಒಂದು ವಾರ ಬರೆದಿಟ್ಟು, ನಾಲ್ಕೂ ಇಪ್ಪತ್ತೆರಡರಿಂದ ನಾಲ್ಕೂ ಇಪ್ಪತ್ತೇಳರವರೆಗೆ ಲೈನ್ ಕ್ಲಿಯರ್ ಇದೆ ಎಂದು ಕಂಡುಹಿಡಿದರು. ನಾಲ್ಕನೆಯ ಭಾನುವಾರ ಆ ಐದು ನಿಮಿಷದೊಳಗೆ ತಾಯಿಯನ್ನು ಕರೆಸಿದರು. ಮಗ ಪುನಃ ಕೇಳಿದರು. ಈ ಸಲ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಬಂತು.

ಆ ಕಾಗದ ಮಾಡಿಸಲೇ ಇಲ್ಲ ಮಗನೇ, ನೀನು ಮನೆಯಲ್ಲೇ ಹುಟ್ಟಿದ್ದು.

ಅಲ್ಲಿ ಹುಡುಗರು ಉಂಟಾ

ಈಗ ಮದುವೆಯ ವಿಷಯ. ಕಾಂದಿವಲಿಯಲ್ಲಿ ಹೋಟೆಲ್ ಇರುವ ನಮ್ಮ ಕಡೆಯವರೊಬ್ಬರು. ಕಾರ್ಕಳದ ಹತ್ತಿರದವರು, ಮನೆಮಾತು ತುಳು. ಅವರ ಹೋಟೆಲಿನ ಹುಡುಗರು ಧಣಿ ಎನ್ನುತ್ತಾರೆ, ನಾನೂ ಧಣಿಗಳು ಎಂದೇ ಹೇಳುತ್ತೇನೆ. ಒಂದು ಭಾನುವಾರ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು, ಕೈಯಲ್ಲಿ ಒಂದು ಜಾತಕ ಹಿಡಿದುಕೊಂಡು ಬಂದರು. ಕನ್ನಡದವರು ಯಾರಾದರೂ ಇದ್ದಾರಾ ಎಂದು ಕೇಳಿ ನನ್ನ ಪಕ್ಕ ಕೂತರು.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡದು ಹನ್ನೊಂದು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತು, ಇದ್ದಿದ್ದರೆ ಈಗ ಮೂವತ್ತಮೂರು. ಚಿಕ್ಕವಳಿಗೆ ಇಪ್ಪತ್ತೊಂಬತ್ತು, ಒಂದು ಲ್ಯಾಬಿನಲ್ಲಿ ಕೆಲಸ. ಇವರೇ ನೋಡಿದ ಎರಡು ಸಂಬಂಧ ಮಾತುಕತೆಯವರೆಗೆ ಬಂದು ಮುರಿದಿತ್ತು. ಊರಿಗೆ ಹೋಗಿ ಜೋಯಿಸರನ್ನು ಕೇಳಿದರೆ, ಮನೆಯಲ್ಲಿ ದೊಡ್ಡವಳು ಇರುವಾಗ ಚಿಕ್ಕವಳದ್ದು ಹೇಗೆ ನಡೆಯುತ್ತದೆ ಎಂದರಂತೆ. ನಮ್ಮ ಕಡೆ ಅದು ಉಂಟು. ಮದುವೆಯಾಗದೆ ಹೋದವರಿಗೆ ವಯಸ್ಸು ಬಂದಾಗ ಮದುವೆ ಮಾಡಿಸುತ್ತಾರೆ, ಕುಲೆ ಮದುವೆ, ಅಂದರೆ ಪ್ರೇತಗಳ ಮದುವೆ, ಎನ್ನುತ್ತಾರೆ. ಗಂಡೂ ತೀರಿಹೋದವನೇ ಆಗಬೇಕು. ಜಾತಕ ಕೂಡಬೇಕು, ತಾಯಿಯ ಕಡೆಯಿಂದ ಬರುವ ಬಳಿ, ಗೋತ್ರ ಇದ್ದ ಹಾಗೆ ಅದು, ಬೇರೆಯಾಗಿರಬೇಕು. ಸೀರೆ ಇಡುತ್ತಾರೆ, ಧಾರೆ ಆಗುತ್ತದೆ, ಊಟ ಆಗುತ್ತದೆ. ಅಂಥ ಒಬ್ಬ ಹುಡುಗ ಸಿಗದೆ ಧಣಿಗಳು ಎರಡು ವರ್ಷದಿಂದ ಒದ್ದಾಡುತ್ತಿದ್ದರು. ಮಧ್ಯದಲ್ಲಿ ಚಿಕ್ಕವಳು ತಾನೇ ಒಬ್ಬನನ್ನು ಒಪ್ಪಿದ್ದೇನೆ ಎಂದು ಹೇಳಿದಳು. ಇವರು ಬೇಡ ಅನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ. ಮೊದಲು ಅಕ್ಕನದ್ದು ಆಗಲಿ ಎಂದರು. ಅಲ್ಲಿಗೆ ಆ ಹುಡುಗಿಯ ಮದುವೆ ನಿಂತಿತು.

ಸತ್ತವರು ವಾರವಾರ ಬಂದು ಮಾತಾಡುವ ಜಾಗ ಸಾಂತಾಕ್ರೂಜ್‌ನಲ್ಲೇ ಉಂಟು ಎಂದು ಯಾರೋ ಗಿರಾಕಿ ಹೇಳಿದ್ದೇ ತಡ, ಸ್ಲೋ ಲೋಕಲ್ ಹಿಡಿದು ಬಂದಿದ್ದರು.

"ನಿಮ್ಮಲ್ಲಿ ಒಳ್ಳೆ ಮನೆತನದ ಹುಡುಗರು ಯಾರಾದ್ರೂ ಬರ್ತಾರಾ ಅಕ್ಕ?" ಎಂದು ಮೆಲ್ಲಗೆ ಕೇಳಿದರು. "ನಮ್ಮ ಕಡೆಯವರಾದ್ರೆ ಒಳ್ಳೇದಿತ್ತು."

ನಾನು ಇದನ್ನು ಹಿಂದಿಗೆ ತಿರುಗಿಸಿ ಅಧ್ಯಕ್ಷರಿಗೆ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಪುನಃ ಹಾಕಿಕೊಂಡರು. ಆಚೆ ಕಡೆ ಜಾತಿಯಿಲ್ಲ, ಮತವಿಲ್ಲ, ಊರಿಲ್ಲ, ಎಲ್ಲ ಆತ್ಮವೂ ಒಂದೇ ಎಂದು ಇವರಿಗೆ ತಿಳಿಸಿ ಎಂದರು. ತಿಳಿಸಿದೆ. ಧಣಿಗಳು ತಾಳ್ಮೆಯಿಂದ ಕೇಳಿ, ಅಲ್ಲಿ ಇಲ್ಲದೆ ಇರಬಹುದು, ಮದುವೆ ನಡೆಯುವುದು ಕಾರ್ಕಳದಲ್ಲಲ್ಲವಾ ಎಂದರು.

ಅಕ್ಕ ಬಂದಳು

ಹೆಣ್ಣನ್ನು ಕೇಳದೆ ಗಂಡು ಹುಡುಕುವುದು ಸರಿಯಲ್ಲ ಎಂದು ಅಧ್ಯಕ್ಷರು ಪಟ್ಟು ಹಿಡಿದರು. ಸಣ್ಣದರಲ್ಲೇ ಆಚೆ ಹೋದ ಮಕ್ಕಳು ಅಲ್ಲೇ ಬೆಳೆಯುತ್ತವೆ, ಅವರನ್ನು ಸಾಕುವವರು, ಓದಿಸುವವರು ಇರುತ್ತಾರೆ ಎಂಬುದು ಈ ಮತದ ನಂಬಿಕೆ. ಇದನ್ನು ಕೇಳಿ ಧಣಿಗಳ ಮುಖವೇ ಬದಲಾಯಿತು. ಬೆಳೆದಿದ್ದಾಳಾ, ಓದಿದ್ದಾಳಾ ಎಂದು ನನ್ನನ್ನು ಎರಡೆರಡು ಸಲ ಕೇಳಿದರು.

ಮೂರನೆಯ ಭಾನುವಾರ ಅಕ್ಕ ಬಂದಳು. ಅಜ್ಜಿಯ ಮೂಲಕ ತೆಳ್ಳಗಿನ ಸ್ವರದಲ್ಲಿ ಗುಜರಾತಿಯಲ್ಲಿ ಮಾತಾಡಿದಳು. ಅಜ್ಜಿಯ ಪಕ್ಕದವರು ಅದನ್ನು ಹಿಂದಿ ಮಾಡಿದರು, ನಾನು ಕನ್ನಡ ಮಾಡಿದೆ. ಧಣಿಗಳಿಗೆ ಅನುಮಾನ ಬಂತು, ಕಾರ್ಕಳದ ಮಗುವಿಗೆ ಗುಜರಾತಿ ಹೇಗೆ ಬರುತ್ತದೆ ಅಂತ. ಆ ಕಡೆ ಭಾಷೆ ಇಲ್ಲ, ಬರುವುದು ಯೋಚನೆ ಮಾತ್ರ, ಮಾತು ಮೀಡಿಯಮ್ಮಿನದು ಎಂದರು ಅಧ್ಯಕ್ಷರು. ಧಣಿಗಳು ಒಪ್ಪಿದರು. ನನ್ನ ಚಿಕ್ಕವಳು ಬದುಕಿದ್ದೂ ನನ್ನ ಹತ್ತಿರ ಹಿಂದಿ ಮಾತಾಡುತ್ತಾಳೆ, ಇವಳಿಗಾದರೂ ಒಂದು ಕಾರಣ ಉಂಟು ಎಂದರು.

ನಾನು ಸುಖವಾಗಿದ್ದೇನೆ, ಇಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತೇನೆ ಎಂದಳು ಅಕ್ಕ. ಪಪ್ಪ ನನ್ನ ಮದುವೆಯ ಚಿಂತೆ ಬಿಡಲಿ, ನನಗೆ ಬೇಡ ಎಂದಳು.

ಬೇಡ ಎಂಬ ಮಾತನ್ನು ಕನ್ನಡ ಮಾಡಲು ನನಗೆ ಸ್ವಲ್ಪ ಹಿಂಜರಿಕೆಯಾಯಿತು. ಮಾಡಿದೆ. ಧಣಿಗಳು ಬೇಜಾರು ಮಾಡಿಕೊಳ್ಳಲಿಲ್ಲ. ಹೆಣ್ಣುಮಕ್ಕಳು ಮೊದಲು ಹಾಗೇ ಹೇಳುವುದು, ನಿಧಾನಕ್ಕೆ ಯೋಚಿಸಲಿ, ಅವಸರವಿಲ್ಲ ಎಂದರು. ಮುಂದಿನ ವಾರ ಒಂದು ಕಿಲೋ ಹಲ್ವ ತಂದರು. ಆ ವಾರವೂ ಅಕ್ಕ ಬಂದು ಬೇಡ ಎಂದು ಹೋದಳು. ಆಮೇಲಿನ ವಾರದಿಂದ ಬರಲೇ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಗೈಡ್ ಡಾಕ್ಟರು, ಆಕೆ ಮನೆಯಲ್ಲಿಲ್ಲ ಎಂದು ಹೇಳಲು ಹೇಳಿದ್ದಾಳೆ, ಫುಲ್‌ಸ್ಟಾಪ್, ಎಂದರು.

ಈಗ ಬಿಟ್ಟಾನ್ರಿ

ಹೆಣ್ಣು ಒಪ್ಪದಿದ್ದರೂ ಧಣಿಗಳು ಗಂಡು ಹುಡುಕುವುದು ಬಿಡಲಿಲ್ಲ. ಮುಂಬೈಯಲ್ಲಿ ನಮ್ಮ ಕಡೆಯ ಹೋಟೆಲ್‌ಗಳೆಷ್ಟಿವೆಯೋ ಅಲ್ಲೆಲ್ಲ ಹೇಳಿಟ್ಟಿದ್ದರು. ಪ್ರತಿ ಭಾನುವಾರ ವರದಿ ನನಗೆ. ಒಬ್ಬನ ಬಳಿಯೂ ಹುಡುಗಿಯ ಬಳಿಯೂ ಒಂದೇ, ಆಗುವುದಿಲ್ಲ. ಇನ್ನೊಬ್ಬನ ಜಾತಕ ಮಳೆಗಾಲದಲ್ಲಿ ನೆಂದು ಹೋಗಿದೆ. ಮೂರನೆಯವನು ಎಲ್ಲ ರೀತಿಯಲ್ಲೂ ಚೆನ್ನಾಗಿದ್ದ, ಆದರೆ ಹೋದ ಆಟಿ ತಿಂಗಳಲ್ಲೇ, ಅಂದರೆ ಆಷಾಢದಲ್ಲೇ, ಸುರತ್ಕಲ್ಲಿನ ಒಂದು ಹುಡುಗಿಗೆ ಮಾಡಿ ಮುಗಿಸಿದೆವು ಎಂದರಂತೆ ಮನೆಯವರು. ಒಳ್ಳೆ ಹುಡುಗರು ಬೇಗ ಮುಗಿದುಹೋಗುತ್ತಾರೆ ಎಂದು ಧಣಿಗಳು ನಿಟ್ಟುಸಿರು ಬಿಟ್ಟರು.

ಚಿಕ್ಕವಳೂ ಸುಮ್ಮನೆ ಕೂತಿರಲಿಲ್ಲ. ಅಕ್ಕನಿಗೊಂದು ಗಂಡು ಸಿಕ್ಕಿದರೆ ತನ್ನ ದಾರಿ ಸಲೀಸು ಎಂದು ಅವಳೂ ಹುಡುಕತೊಡಗಿದಳು. ಅವಳು ಒಪ್ಪಿದ ಹುಡುಗ ಕುರ್ಲಾದವನು, ಮನೆಯವರು ಕಲಬುರಗಿ ಕಡೆಯಿಂದ ಬಂದವರು. ಅವನ ತಾಯಿ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ಹುಡುಗಿ ಹೋಗಿ ತನ್ನ ಕಷ್ಟ ಹೇಳಿಕೊಂಡಳಂತೆ. ಆ ತಾಯಿ ಸ್ವಲ್ಪವೂ ಗಾಬರಿಯಾಗದೆ, ಇಷ್ಟಕ್ಕ ಯಾಕ ಅಳತಿಯವ್ವಾ ಎಂದು, ಮುಂದಿನ ಭಾನುವಾರ ಹುಡುಗಿಯನ್ನೂ ಕರೆದುಕೊಂಡು ರೊಟ್ಟಿಯ ಬುಟ್ಟಿಯ ಸಮೇತ ನಮ್ಮ ಸರ್ಕಲ್ಲಿಗೇ ಬಂದರು. ಮದುವೆಯಾಗದೆ ತೀರಿಹೋದ ಮೈದುನನೊಬ್ಬ ಅವರಿಗೆ ಇದ್ದ.

ಧಣಿಗಳು ಸಂಕೋಚಪಡುತ್ತಲೇ ವಿಚಾರಿಸತೊಡಗಿದರು. ಹುಡುಗ ಹೋಗಿ ಎಷ್ಟು ವರ್ಷವಾಯಿತು. ಹದಿನೆಂಟು. ಏನು ಕೆಲಸ ಇತ್ತು. ಬಿಲ್ಡಿಂಗಿನ ಸೆಂಟ್ರಿಂಗ್ ಕೆಲಸ.

"ಕುಡಿತ ಗಿಡಿತ ಏನಾದ್ರೂ ಇತ್ತಾ?" ಎಂದು ಕೇಳಿದರು ಧಣಿಗಳು.

"ಇತ್ರಿ. ಸುಳ್ಳ್ಯಾಕ ಹೇಳ್ಲಿ," ಎಂದರು ರೊಟ್ಟಿಯಮ್ಮ. "ಆದ್ರ ಈಗ ಬಿಟ್ಟಾನ್ರಿ."

ಧಣಿಗಳಿಗೆ ಈ ಪ್ರಾಮಾಣಿಕತೆ ಹಿಡಿಸಿತು. ಜಾತಿ ಬೇರೆಯಾಯಿತಲ್ಲ ಎಂದು ಒಂದು ನಿಮಿಷ ಯೋಚಿಸಿದರು, ಎರಡು ವರ್ಷದ ಸುಸ್ತು ಬೇರೆ, ಆಗಲಿ ನೋಡುವಾ ಎನ್ನುವ ಹಂತಕ್ಕೆ ಬಂದೇಬಿಟ್ಟರು. ಬಾಗಿಲ ಹತ್ತಿರ ನಿಂತಿದ್ದ ಚಿಕ್ಕವಳ ಮುಖ ಅರಳಿತು. ಅಷ್ಟರಲ್ಲಿ ಧಣಿಗಳು ಏನೋ ಲೆಕ್ಕ ಹಾಕುತ್ತಾ ಬೆರಳು ಮಡಚಿದರು, ಬಿಡಿಸಿದರು, ಪುನಃ ಮಡಚಿದರು.

ನನ್ನ ದೊಡ್ಡವಳು ನಿಮ್ಮ ಮೈದುನನನ್ನು ಮದುವೆಯಾದರೆ ನಿಮ್ಮ ಹುಡುಗನಿಗೆ ಏನಾಗುತ್ತಾಳೆ ಎಂದು ಕೇಳಿದರು. ಕಾಕಿ ಆಗ್ತಾಳ್ರಿ, ಚಿಕ್ಕವ್ವ ಎಂದರು ರೊಟ್ಟಿಯಮ್ಮ. ಕಾಕಿಯ ತಂಗಿ ಏನಾಗುತ್ತಾಳೆ ಎಂದರು ಧಣಿಗಳು. ಅವಳೂ ತಾಯಿ ಸಮಾನ ಎಂದು ಹೇಳಹೊರಟ ರೊಟ್ಟಿಯಮ್ಮ ಅರ್ಧಕ್ಕೇ ನಿಲ್ಲಿಸಿ ಬಾಯಿಗೆ ಸೆರಗು ಒತ್ತಿಕೊಂಡರು. ಅಕ್ಕನ ಮದುವೆ ಆದರೆ ತಂಗಿಯ ಮದುವೆ ಶಾಶ್ವತವಾಗಿ ಕೆಟ್ಟಿತು. ಅಧ್ಯಕ್ಷರಿಗೆ ಇದನ್ನು ಹಿಂದಿಯಲ್ಲಿ ವಿವರಿಸಲು ನನಗೆ ಒಂದು ಪೂರಾ ಚಹಾ ಬೇಕಾಯಿತು.

ರೊಟ್ಟಿಯಮ್ಮ ಆಗಲೇ ಎದ್ದು ಬುಟ್ಟಿ ಎತ್ತಿಕೊಂಡಿದ್ದರು. "ಹಂಗಾರ ಬ್ಯಾಡ್ರಿ. ನಮ್ಮ ಮೈದುನ ಒಬ್ಬಾಂವ ಆರಾಮ ಅದಾನ, ಹಂಗ ಇರ್ಲಿ."

ಅಜ್ಜಿಯ ಕುರ್ಚಿ

ಇದಾಗಿ ಎರಡು ವಾರಕ್ಕೆ ಹುಡುಗಿ ನನ್ನ ಮನೆಗೆ ಬಂದಳು. ಕನ್ನಡ ಹಿಂದಿ ಎರಡನ್ನೂ ಕಲಸಿಕೊಂಡು, ಆಂಟಿ, ಬಸ್, ಈಗ ಥಕ್ ಗಯೀ, ಸಾಕಾಗಿಹೋಯ್ತು ಎಂದಳು. ಹುಡುಗನಿಗೆ ಪುಣೆಗೆ ವರ್ಗವಾಗಿತ್ತು, ಒಂದು ತಿಂಗಳಲ್ಲಿ ಹೊರಡಬೇಕು. ಅಪ್ಪನ ಮಾತು ಮೀರಿ ರಿಜಿಸ್ಟರ್ ಮದುವೆಯಾಗಲು ಅವಳಿಗೆ ಮನಸ್ಸಿಲ್ಲ, ಹಾಗಂತ ಬಿಡಲೂ ಆಗುವುದಿಲ್ಲ. ಬರುವ ಭಾನುವಾರ ಅಪ್ಪನ ಜೊತೆ ನೀನೂ ಕೂತುಕೋ ಎಂದೆ. ರಕ್ತಸಂಬಂಧಿ ಇದ್ದರೆ ಆಚೆಯವರು ಸುಲಭವಾಗಿ ಬರುತ್ತಾರೆ ಎಂದು ಅಧ್ಯಕ್ಷರು ಹೇಳುತ್ತಲೇ ಇರುತ್ತಾರೆ.

ಆ ಭಾನುವಾರ ಅಜ್ಜಿಗೆ ಜ್ವರ. ಒಳಕೋಣೆಯಲ್ಲಿ ಮಲಗಿದ್ದರು. ಅಧ್ಯಕ್ಷರಿಗೆ ಟೈಮ್‌ಟೇಬಲ್ ತಪ್ಪುವುದೆಂದರೆ ಆಗದು. ಮೀಡಿಯಮ್ಮಿನ ಶಕ್ತಿ ಎಲ್ಲರಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ ಎಂಬುದೂ ನಮ್ಮ ತತ್ವವೇ, ಒಡಹುಟ್ಟಿದವಳೇ ಬಂದಿದ್ದಾಳಲ್ಲ, ಇವತ್ತು ಅಜ್ಜಿಯ ಕುರ್ಚಿಯಲ್ಲಿ ಈ ಹುಡುಗಿ ಕೂರಲಿ ಎಂದರು. ಧಣಿಗಳು ಮಗಳ ಕಡೆ ನೋಡಿದರು. ಅವಳು ಹೋಗಿ ಕೂತಳು.

ಈಗ ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಅಜ್ಜಿಗೆ ಜ್ವರ, ಕುರ್ಚಿ ಖಾಲಿ ಎಂದು ನನಗೆ ಬೆಳಿಗ್ಗೆಯೇ ಗೊತ್ತಿತ್ತು. ಮೆಟ್ಟಿಲು ಹತ್ತುವಾಗ ನಾನೇ ಅವಳ ಕೈಹಿಡಿದು, ಅಲ್ಲಿ ಯಾರು ಏನು ಹೇಳಿದರೂ ನಾನು ಬರೆದುಕೊಳ್ಳುವವಳು ಮಾತ್ರ, ಇದು ನಿಜವಾ ಎಂದು ಕೇಳುವವಳಲ್ಲ ಎಂದಿದ್ದೆ. ಅಕ್ಕನ ಹೆಸರಿನಲ್ಲಿ ನಾಲ್ಕು ಮಾತು, ಅಷ್ಟೇ ಬೇಕಾಗಿದ್ದು. ಕುರ್ಚಿಯಲ್ಲಿ ಅವಳೇ ಕೂತದ್ದನ್ನು ನೋಡಿ ಕೆಲಸ ಆಯಿತು ಎಂದುಕೊಂಡೆ.

ಪರದೆ ಎಳೆದರು. ಪ್ರಾರ್ಥನೆ ಆಯಿತು, ಭಜನೆ ಆಯಿತು. ಹುಡುಗಿ ಕಣ್ಣು ಮುಚ್ಚಿ ಕೂತಳು. ಹತ್ತು ನಿಮಿಷ ಏನೂ ಇಲ್ಲ. ಎರಡು ವಿಮಾನ ಹೋದವು. ಆಮೇಲೆ ಮೆಲ್ಲಗೆ, "ಪಪ್ಪ," ಎಂದಳು.

ಧಣಿಗಳು ಕೈಮುಗಿದರು. ಬಂದಿರುವವರು ಯಾರು ಎಂದು ಅಧ್ಯಕ್ಷರು ಕೇಳಿದರು. ನನ್ನ ಪೆನ್ಸಿಲ್ ಕಾಗದದ ಮೇಲೆ ತಯಾರಾಗಿ ನಿಂತಿತ್ತು.

"ಅಕ್ಕ ಅಲ್ಲ," ಎಂದಳು. "ನಾನೇ."

ಹೋಯಿತಲ್ಲ ಎಂದುಕೊಂಡೆ. 'ನಾನೇ' ಎಂದರೆ ಏನು ಎಂದು ಅಧ್ಯಕ್ಷರು ನನ್ನನ್ನು ಕೇಳಿದರು, ಹೇಳಿದೆ. ಹಾಗಾದರೆ ಯಾರೂ ಬಂದಿಲ್ಲ, ಇವತ್ತಿನ ಸರ್ಕಲ್ ಮುಗಿಯಿತು ಎಂದು ಅವರು ಎದ್ದರು. ಧಣಿಗಳು ಮುಗಿದ ಕೈ ಬಿಡಲಿಲ್ಲ. ಕೂತಲ್ಲಿಂದಲೇ, ಅವಳು ಮಾತಾಡಲಿ ಎಂದರು. ಅಧ್ಯಕ್ಷರು ಕೂತರು.

ಹುಡುಗಿ ಮಾತಾಡಿದಳು. ಬರುವಷ್ಟು ಕನ್ನಡದಲ್ಲಿ, ಬಾರದ ಕಡೆ ಹಿಂದಿಯಲ್ಲಿ. ಎರಡು ವರ್ಷದಿಂದ ಹೇಳುತ್ತಿದ್ದೇನೆ ಪಪ್ಪ. ಕ್ಯಾಶ್ ಕೌಂಟರಿನ ಹತ್ತಿರ ಹೇಳಿದೆ, ನೀವು ಮೂರನೇ ಟೇಬಲ್ಲಿಗೆ ನೀರು ಕೊಡು ಎಂದಿರಿ. ಊಟಕ್ಕೆ ಕೂತಾಗ ಹೇಳಿದೆ, ಫೋನ್ ಎತ್ತಿದಿರಿ. ಇಲ್ಲಿಗೆ ಮಾತ್ರ ಎಂಟು ತಿಂಗಳಿಂದ ಒಂದು ಭಾನುವಾರ ತಪ್ಪಿಸಿಲ್ಲ. ಫೋನ್ ಆಫ್ ಮಾಡುತ್ತೀರಿ. ಕೈಮುಗಿದು ಕೂರುತ್ತೀರಿ. ಸತ್ತವರು ಏನು ಹೇಳಿದರೂ ಮಧ್ಯೆ ಒಂದು ಶಬ್ದ ಆಡುವುದಿಲ್ಲ.

"ನನ್ನ ಮಾತನ್ನೂ ಹಾಗೆ ಕೇಳ್ಬೇಕಾದ್ರೆ ನಾನೂ ಸಾಯ್ಬೇಕಾ ಪಪ್ಪ?"

ನಾನು ಬರೆಯುವುದನ್ನು ನಿಲ್ಲಿಸಿದೆ. ಅಷ್ಟು ವರ್ಷದ ಸರ್ವಿಸಿನಲ್ಲಿ ಡಿಕ್ಟೇಶನ್ ನಡುವೆ ನನ್ನ ಕೈ ನಿಂತದ್ದು ಅದೇ ಮೊದಲು. ಧಣಿಗಳು ಮಗಳನ್ನು ನೋಡದೆ, ಮೇಜನ್ನು ನೋಡುತ್ತಾ ಹೇಳಿದರು.

"ಅವಳು ಒಂದು ಮಾತು ಕಲಿಯುವ ಮೊದಲೇ ಹೋದಳು. ಅವಳ ಸ್ವರ ಹೇಗಿರ್ತಿತ್ತು ಅಂತ ಕೇಳುವ ಆಸೆ ನನಗೆ, ಬೇರೆ ಎಂಥದೂ ಅಲ್ಲ. ನೀನು ಹುಟ್ಟಿದಾಗಿನಿಂದ ಬಾಯಿ ಮುಚ್ಚಿದ್ದೇ ಇಲ್ಲ. ಹಾಗೆ ನಿನ್ನದು ಕಿವಿಗೆ ಅಭ್ಯಾಸ ಆಗಿಬಿಟ್ಟಿತ್ತು."

ಹುಡುಗಿ ಅಳುತ್ತಾ ನಕ್ಕಳು, ನಗುತ್ತಾ ಅತ್ತಳು. ಧಣಿಗಳು ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟರು. ಅಕ್ಕ ಎರಡು ಸಲ ಬೇಡ ಎಂದಳಲ್ಲ, ಅವಳು ಬೇಡ ಎಂದದ್ದು ಬೇಡ, ನೀನು ಬೇಕು ಎಂದದ್ದು ಬೇಕು, ಆಯಿತಾ ಎಂದರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅಧ್ಯಕ್ಷರು ಏನಾಯಿತು, ಏನಾಯಿತು ಎಂದು ನನ್ನ ತೋಳು ಅಲ್ಲಾಡಿಸುತ್ತಿದ್ದರು. ಒಪ್ಪಿಗೆಯಾಯಿತು ಎಂದೆ.

ಆದರೂ ನನಗೆ ಒಂದು ಅಳುಕು ಇತ್ತು. ಧಣಿಗಳ ಮನೆತನ ದೊಡ್ಡದು, ಊರಿನವರು ಕೇಳದೆ ಬಿಡುತ್ತಾರೆಯೇ. ಚಹಾ ಕುಡಿಯುವಾಗ ಕೇಳಿಯೇಬಿಟ್ಟೆ. ಜಾತಿ ಬೇರೆ, ಊರು ಬೇರೆ, ಮನೆಯವರು ಕುರ್ಲಾದ ಚಾಳಿನಲ್ಲಿ ಇರುವವರು, ನಾಳೆ ಕಾರ್ಕಳದಲ್ಲಿ ನಾಲ್ಕು ಜನ ಹುಡುಗ ಹೇಗೆ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದೆ.

ಧಣಿಗಳು ಚಹಾದ ಲೋಟ ಕೆಳಗಿಟ್ಟರು.

"ಇಲ್ಲಿಗೆ ಬಂದ ಮೇಲೆ ನಾನು ಎಷ್ಟು ಗಂಡು ನೋಡಿದೆ ಅಂತ ನಿಮಗೇ ಗೊತ್ತುಂಟಲ್ಲ ಅಕ್ಕ," ಎಂದರು. "ಅಷ್ಟರಲ್ಲಿ ಬದುಕಿರುವವ ಇವನೊಬ್ಬನೇ. ಅದಕ್ಕಿಂತ ದೊಡ್ಡ ಗುಣ ಇನ್ನೆಂಥ ಬೇಕು?"